ಒಂದೇ ಬೆಂಚು, ಮೂರು ದರ: ಸಂಸತ್ತಿನ ಉತ್ತರದಲ್ಲಿ ಕಾಣದ ಚಳ್ಳಕೆರೆ, ಮೊಳಕಾಲ್ಮುರು

ಚಳ್ಳಕೆರೆ ಅಥವಾ ಮೊಳಕಾಲ್ಮುರಿನ ಯಾವುದೇ ಸರ್ಕಾರಿ ಪ್ರೌಢಶಾಲೆಯ ಒಂಬತ್ತನೇ ತರಗತಿಯನ್ನು ತೆಗೆದುಕೊಳ್ಳಿ. ಒಂದೇ ಬೆಂಚಿನಲ್ಲಿ ಮೂವರು ಮಕ್ಕಳು. ಮೂವರೂ ಮನೆಯಿಂದಲೇ ಬಂದು ಹೋಗುವವರು, ಮೂವರ ಮನೆಯ ವರ್ಷದ ಆದಾಯವೂ ಎರಡೂವರೆ ಲಕ್ಷದೊಳಗೆ. ಓದುವ ಪುಸ್ತಕ ಒಂದೇ, ಬರೆಯುವ ಪರೀಕ್ಷೆಯೂ ಒಂದೇ. ಕೇಂದ್ರ ಸರ್ಕಾರದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನದ ದರಪಟ್ಟಿಗೆ ಬಂದಾಗ ಮಾತ್ರ ಮೂವರೂ ಬೇರೆ ಬೇರೆ.

ಹಿಂದುಳಿದ ವರ್ಗದ ಮಗುವಿಗೆ ವರ್ಷಕ್ಕೆ 4,000 ರೂಪಾಯಿ.
ಪರಿಶಿಷ್ಟ ಜಾತಿಯ ಮಗುವಿಗೆ 3,500 ರೂಪಾಯಿ.
ಪರಿಶಿಷ್ಟ ಪಂಗಡದ ಮಗುವಿಗೆ ತಿಂಗಳಿಗೆ 225ರಂತೆ ಹತ್ತು ತಿಂಗಳಿಗೆ 2,250, ಪುಸ್ತಕಕ್ಕೆ 750. ಒಟ್ಟು 3,000 ರೂಪಾಯಿ.

ಮಗು ಹಾಸ್ಟೆಲಿನಲ್ಲಿದ್ದರೆ ಪರಿಶಿಷ್ಟ ಜಾತಿಗೆ 7,000. ಪರಿಶಿಷ್ಟ ಪಂಗಡಕ್ಕೆ ತಿಂಗಳಿಗೆ 525ರಂತೆ 5,250, ಪುಸ್ತಕಕ್ಕೆ 1,000, ಒಟ್ಟು 6,250. ಹಿಂದುಳಿದ ವರ್ಗಕ್ಕೆ ಹಾಸ್ಟೆಲಿನಲ್ಲಿದ್ದರೂ ಮನೆಯಲ್ಲಿದ್ದರೂ ಅದೇ 4,000. ಅದೂ ಯೋಜನೆಗೆ ಆ ವರ್ಷ ಒದಗಿಸಿದ ಹಣದ ಮಿತಿಯೊಳಗೆ.

ಮನೆಯಿಂದ ಬರುವ ಮೂವರಲ್ಲಿ ಕಡಿಮೆ ಮೊತ್ತ ಪರಿಶಿಷ್ಟ ಪಂಗಡದ ಮಗುವಿನದು. ಚಳ್ಳಕೆರೆ ಮತ್ತು ಮೊಳಕಾಲ್ಮುರು ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೇ ಮೀಸಲು. ಕರ್ನಾಟಕದ 224 ಕ್ಷೇತ್ರಗಳಲ್ಲಿ ಹಾಗೆ ಮೀಸಲಾಗಿರುವುದು 15. ಅದರಲ್ಲಿ ಎರಡು ಈ ಒಂದು ಮೂಲೆಯಲ್ಲಿವೆ. ಪರಿಶಿಷ್ಟ ಪಂಗಡಕ್ಕೆ ಸೇರಿದ ಮ್ಯಾಸನಾಯಕರ ಸೀಮೆಯಲ್ಲಿ, ಆ ಸಮುದಾಯದ ಮಗುವಿಗೇ ಪಟ್ಟಿಯ ಕೊನೆಯ ಅಂಕಿ ಸಿಗುತ್ತಿದೆ.

ಈ ವ್ಯತ್ಯಾಸ ಗುಟ್ಟಿನದಲ್ಲ. ಮೂರೂ ದರಗಳು ಸರ್ಕಾರದ ಮಾರ್ಗಸೂಚಿಗಳಲ್ಲಿ ಅಚ್ಚಾಗಿವೆ, ಸಂಸತ್ತಿನಲ್ಲಿ ಸಚಿವರು ಕೊಡುವ ಉತ್ತರಗಳಲ್ಲೂ ಬರುತ್ತವೆ. ಆದರೆ ಒಂದೇ ಉತ್ತರದಲ್ಲಿ ಮೂರೂ ಒಟ್ಟಿಗೆ ಬರುವುದು ಅಪರೂಪ. ಪರಿಶಿಷ್ಟ ಜಾತಿ ಮತ್ತು ಹಿಂದುಳಿದ ವರ್ಗದ ಮಕ್ಕಳ ಲೆಕ್ಕ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯದ್ದು. ಪರಿಶಿಷ್ಟ ಪಂಗಡದ್ದು ಬುಡಕಟ್ಟು ವ್ಯವಹಾರಗಳ ಸಚಿವಾಲಯದ್ದು. ಮೂವರೂ ಕೂತಿರುವ ಶಾಲೆ ಶಿಕ್ಷಣ ಸಚಿವಾಲಯದ್ದು. ಒಂದು ಬೆಂಚಿನ ಬಗ್ಗೆ ತಿಳಿಯಲು ಮೂರು ಸಚಿವಾಲಯಗಳಿಗೆ ಪ್ರಶ್ನೆ ಹಾಕಬೇಕು. ಬರುವ ಉತ್ತರವಾದರೂ ದೇಶದ ಮೊತ್ತ, ಹೆಚ್ಚೆಂದರೆ ಅನುಬಂಧದಲ್ಲಿ ರಾಜ್ಯವಾರು ಪಟ್ಟಿ. ತಾಲ್ಲೂಕಿಗೆ ಅಲ್ಲಿ ಕಾಲಂ ಇಲ್ಲ. ಈ ವರದಿಯ ಒತ್ತಾಯ ಆ ಕಾಲಂ ಬಗ್ಗೆ.

ಕೂಲಿಯ ಲೆಕ್ಕದಲ್ಲಿ ವಿದ್ಯಾರ್ಥಿವೇತನ

ರೂಪಾಯಿ ಮೊತ್ತ ನೋಡಿ ಹೆಚ್ಚೋ ಕಡಿಮೆಯೋ ಹೇಳುವುದು ಕಷ್ಟ. ಮಳೆ ಕಡಿಮೆ, ಶೇಂಗಾ ಬೆಳೆಯ ಮೇಲೇ ಬದುಕು, ಬೆಳೆ ಕೈಕೊಟ್ಟರೆ ಬೆಂಗಳೂರಿಗೋ ಕಾಫಿ ತೋಟಗಳಿಗೋ ಗುಳೆ. ಇಂಥ ಸೀಮೆಯಲ್ಲಿ ಸರಿಯಾದ ಅಳತೆ ಕೂಲಿಯ ದಿನಗಳು. ಉದ್ಯೋಗ ಖಾತರಿ ಯೋಜನೆಯಡಿ ಕರ್ನಾಟಕದ ದಿನಗೂಲಿ 2013–14ರಲ್ಲಿ 174 ರೂಪಾಯಿ ಇತ್ತು. 2023–24ರಲ್ಲಿ 316, 2024–25ರಲ್ಲಿ 349, 2025–26ರಲ್ಲಿ 370 ಆಯಿತು.

ಈಗ ಮೊದಲ ಪಿಯುಸಿಗೆ ಸೇರಿದ, ಮನೆಯಿಂದ ಓಡಾಡುವ ಪರಿಶಿಷ್ಟ ಪಂಗಡದ ಹುಡುಗಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ನೋಡೋಣ. ತಿಂಗಳಿಗೆ 230 ರೂಪಾಯಿ, ಹತ್ತು ತಿಂಗಳಿಗೆ 2,300. ಈ ದರ ಜಾರಿಗೆ ಬಂದದ್ದು 2010ರ ಜುಲೈಯಲ್ಲಿ. 2013–14ರ ಕೂಲಿಯಲ್ಲಿ ಭಾಗಿಸಿದರೆ ಆ ಹಣ 13 ದಿನದ ದುಡಿಮೆಗೆ ಸಮ. 2025–26ರ ಕೂಲಿಯಲ್ಲಿ ಭಾಗಿಸಿದರೆ 6 ದಿನಕ್ಕೆ ಸಮ. ಯಾರೂ ವಿದ್ಯಾರ್ಥಿವೇತನ ಕಡಿತ ಮಾಡಿಲ್ಲ. ಆದರೂ ಅದರ ಬೆಲೆ ಅರ್ಧಕ್ಕಿಂತ ಕೆಳಗೆ ಇಳಿದಿದೆ. ಕೂಲಿಗೆ ಹೋದರೆ ಒಂದು ವಾರದೊಳಗೆ ಸಿಗುವ ಹಣಕ್ಕೆ ವರ್ಷವಿಡೀ ಕಾಲೇಜಿಗೆ ಹೋಗು ಎಂದು ಆ ಹುಡುಗಿಗೆ ಹೇಳುತ್ತಿದ್ದೇವೆ.

ಆದಾಯ ಮಿತಿಯ ಕಥೆ ಇನ್ನೂ ಗಂಭೀರ. ಪರಿಶಿಷ್ಟ ಜಾತಿ, ಪಂಗಡ ಎರಡಕ್ಕೂ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಮಿತಿ ವರ್ಷಕ್ಕೆ ಎರಡೂವರೆ ಲಕ್ಷ. ಇದು 2013ರಲ್ಲಿ ನಿಗದಿಯಾದದ್ದು. ಆಗಿನ ಕೂಲಿಯಲ್ಲಿ ಎರಡೂವರೆ ಲಕ್ಷ ಮುಟ್ಟಲು 1,437 ದಿನ ದುಡಿಯಬೇಕಿತ್ತು. ಗಂಡ ಹೆಂಡತಿ ಸೇರಿ ವರ್ಷದ ಒಂದು ದಿನವೂ ಬಿಡದೆ ದುಡಿದರೂ ಮಿತಿ ದಾಟುತ್ತಿರಲಿಲ್ಲ. 370 ರೂಪಾಯಿ ಕೂಲಿಯಲ್ಲಿ 676 ದಿನ ಸಾಕು. ಅಂದರೆ ಇಬ್ಬರೂ ತಲಾ 338 ದಿನ ದುಡಿದರೆ 2,50,120 ರೂಪಾಯಿ ಆಗುತ್ತದೆ, ಮಿತಿ 120 ರೂಪಾಯಿ ಮೀರುತ್ತದೆ. ಸರ್ಕಾರವೇ ನಿಗದಿ ಮಾಡಿದ ಗ್ರಾಮೀಣ ಕೂಲಿಯನ್ನು ವರ್ಷಪೂರ್ತಿ ಪಡೆದ ದಂಪತಿಯ ಮಗು ಸರ್ಕಾರದ ವಿದ್ಯಾರ್ಥಿವೇತನಕ್ಕೆ ಅನರ್ಹವಾಗುವ ಹಂತ ಬಂದಿದೆ. ಕೂಲಿ ಏರಿದಷ್ಟೇ ಪ್ರಮಾಣದಲ್ಲಿ ಮಿತಿಯೂ ಏರಿದ್ದರೆ ಇಂದು ಅದು ಸುಮಾರು 5 ಲಕ್ಷ 32 ಸಾವಿರ ರೂಪಾಯಿ ಇರಬೇಕಿತ್ತು.

ಪಿಯುಸಿಯಿಂದ ಎಂಜಿನಿಯರಿಂಗ್ ವರೆಗೆ

ಪರಿಶಿಷ್ಟ ಜಾತಿಯ ದರಗಳು ಇತ್ತೀಚೆಗೆ ಪರಿಷ್ಕರಣೆಯಾದವು, ಪಂಗಡದವು ಹಳೆಯ ಮಟ್ಟದಲ್ಲೇ ಉಳಿದವು. ಮೆಟ್ರಿಕ್ ನಂತರದ ದರಗಳನ್ನು ಅಕ್ಕಪಕ್ಕ ಇಟ್ಟರೆ ಇದು ಕಾಣುತ್ತದೆ. ಎಲ್ಲವೂ ವರ್ಷದ ಲೆಕ್ಕ. ಶುಲ್ಕ ಮರುಪಾವತಿ ಇದರಲ್ಲಿ ಸೇರಿಲ್ಲ.

ಪಿಯುಸಿ, ಐಟಿಐ: ಮನೆಯಿಂದ ಬರುವವರಿಗೆ ಜಾತಿಗೆ 2,500, ಪಂಗಡಕ್ಕೆ 2,300. ಹಾಸ್ಟೆಲಿನವರಿಗೆ 4,000 ಮತ್ತು 3,800.
ಬಿಎ, ಬಿಕಾಂ, ಬಿಎಸ್ಸಿ: ಮನೆಯಿಂದ ಬರುವವರಿಗೆ ಎರಡೂ 3,000. ಹಾಸ್ಟೆಲಿನವರಿಗೆ 6,000 ಮತ್ತು 5,700.
ಎಂಜಿನಿಯರಿಂಗ್: ಮನೆಯಿಂದ ಬರುವವರಿಗೆ 7,000 ಮತ್ತು 5,500. ಹಾಸ್ಟೆಲಿನವರಿಗೆ 13,500 ಮತ್ತು 12,000.

ಚಳ್ಳಕೆರೆಯಲ್ಲಿ 2007ರಿಂದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ. ನಾಲ್ಕು ವರ್ಷದ ಕೋರ್ಸಿನಲ್ಲಿ ಇಬ್ಬರು ಸಹಪಾಠಿಗಳ ನಡುವೆ 6,000 ರೂಪಾಯಿ ವ್ಯತ್ಯಾಸ. ಕೂಲಿಯ ಲೆಕ್ಕದಲ್ಲಿ 16 ದಿನ.

ಇದನ್ನು ಸರಿಪಡಿಸಲು ದೊಡ್ಡ ಖಜಾನೆ ಬೇಕಿಲ್ಲ. ಒಂಬತ್ತು ಮತ್ತು ಹತ್ತನೇ ತರಗತಿಯ ಪಂಗಡದ ಮಕ್ಕಳ ದರವನ್ನು ಜಾತಿಯ ದರಕ್ಕೆ ಸಮ ಮಾಡಲು ಮನೆಯಿಂದ ಬರುವ ಮಗುವಿಗೆ 500, ಹಾಸ್ಟೆಲಿನ ಮಗುವಿಗೆ 750 ರೂಪಾಯಿ ಹೆಚ್ಚುವರಿ ಬೇಕು. ಮನೆಯಿಂದ ಬರುವ ಹತ್ತು ಸಾವಿರ ಮಕ್ಕಳಿಗೆ ಲೆಕ್ಕ ಹಾಕಿದರೂ 50 ಲಕ್ಷ. ಕೇಂದ್ರ 75, ರಾಜ್ಯ 25ರ ಅನುಪಾತದಲ್ಲಿ ರಾಜ್ಯದ ಪಾಲು ಹನ್ನೆರಡೂವರೆ ಲಕ್ಷ. ಆ ನಿರ್ಧಾರ ಕೇಂದ್ರ ಮಾಡಲಿ ಎಂದು ಕಾಯದೆ ರಾಜ್ಯ ಸರ್ಕಾರವೇ ವ್ಯತ್ಯಾಸದ ಹಣ ತುಂಬಬಹುದು.

59,048 ಕೋಟಿ ಹೇಗೆ ಕೆಳಗಿಳಿಯುತ್ತದೆ

ಮೇಲಿನ ಅಂಕಿಗಳು ಸಣ್ಣವು. ಸಂಸತ್ತಿನಲ್ಲಿ ಕೇಳಿಬರುವ ಅಂಕಿಗಳು ದೊಡ್ಡವು. 2020ರ ಡಿಸೆಂಬರ್ 23ರಂದು ಕೇಂದ್ರ ಸಂಪುಟ ಪರಿಶಿಷ್ಟ ಜಾತಿ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಐದು ವರ್ಷಗಳ ಅವಧಿಗೆ 59,048 ಕೋಟಿ ರೂಪಾಯಿ ಒಪ್ಪಿತು. ಅದರಲ್ಲಿ ಕೇಂದ್ರದ ಪಾಲು 35,534 ಕೋಟಿ, ಅಂದರೆ ಶೇ 60. ಉಳಿದ 23,514 ಕೋಟಿ ರಾಜ್ಯಗಳದು. ಅದಕ್ಕೂ ಮೊದಲು, 2017–18ರಿಂದ 2019–20ರ ಅವಧಿಯಲ್ಲಿ, ಕೇಂದ್ರ ಕೊಡುತ್ತಿದ್ದದ್ದು ವರ್ಷಕ್ಕೆ ಸುಮಾರು 1,100 ಕೋಟಿ. ಹೊಸ ಅನುಪಾತದಿಂದ ಅದು ಐದು ಪಟ್ಟು ಮೀರಿ ವರ್ಷಕ್ಕೆ 6,000 ಕೋಟಿಯ ಹತ್ತಿರ ಬರುವ ಅಂದಾಜು. ಇದು ನಿಜಕ್ಕೂ ದೊಡ್ಡ ಹೆಜ್ಜೆ. 1944ರಲ್ಲಿ ಶುರುವಾದ ಯೋಜನೆಗೆ ಇಷ್ಟು ಬಲ ಹಿಂದೆ ಸಿಕ್ಕಿರಲಿಲ್ಲ. ಆಗ ಸಾಮಾಜಿಕ ನ್ಯಾಯ ಸಚಿವರಾಗಿದ್ದವರು ಥಾವರ್‌ಚಂದ್ ಗೆಹ್ಲೋಟ್. 2021ರ ಜುಲೈಯಲ್ಲಿ ಅವರು ಕರ್ನಾಟಕದ ರಾಜ್ಯಪಾಲರಾಗಿ ಬಂದರು.

ಐದು ವರ್ಷಗಳಲ್ಲಿ ನಾಲ್ಕು ಕೋಟಿಗೂ ಹೆಚ್ಚು ವಿದ್ಯಾರ್ಥಿಗಳಿಗೆ ಲಾಭ ಎಂಬುದು ಸರ್ಕಾರದ ಗುರಿ. 59,048 ಕೋಟಿಯನ್ನು ನಾಲ್ಕು ಕೋಟಿಯಿಂದ ಭಾಗಿಸಿದರೆ ತಲಾ 14,762 ರೂಪಾಯಿ. ಬೋಧನಾ ಶುಲ್ಕವೂ ಇದರೊಳಗೇ ಬರುತ್ತದೆ. ಹತ್ತನೇ ತರಗತಿ ನಂತರ ಓದು ನಿಲ್ಲಿಸುವ 1.36 ಕೋಟಿ ಕಡುಬಡ ಮಕ್ಕಳನ್ನು ಮತ್ತೆ ಕಾಲೇಜಿಗೆ ತರುವುದು ಇನ್ನೊಂದು ಗುರಿ. ಅದು ನಾಲ್ಕು ಕೋಟಿಯಲ್ಲಿ ಶೇ 34. ಮೂವರಲ್ಲಿ ಒಬ್ಬರು ಓದು ಬಿಟ್ಟವರು, ಅವರನ್ನು ಹುಡುಕಿ ಕರೆತರಬೇಕು ಎಂದು ಸರ್ಕಾರವೇ ಹೇಳಿದಂತಾಯಿತು. ಹುಡುಕುವ ಕೆಲಸ ದೆಹಲಿಯಲ್ಲಿ ಆಗುವುದಿಲ್ಲ. ತಳಕು, ನಾಯಕನಹಟ್ಟಿ, ಪರಶುರಾಂಪುರ, ದೇವಸಮುದ್ರ ಹೋಬಳಿಗಳ ಹಟ್ಟಿಗಳಲ್ಲಿ, ಹೆಸರು ಹಿಡಿದು ಆಗಬೇಕು. ಆ 1.36 ಕೋಟಿಯಲ್ಲಿ ಚಳ್ಳಕೆರೆಗೆ ಎಷ್ಟು, ಮೊಳಕಾಲ್ಮುರಿಗೆ ಎಷ್ಟು ಎಂಬ ಗುರಿ ಕೊಡದಿದ್ದರೆ ಹುಡುಕಬೇಕಾದ ಅಧಿಕಾರಿಗೆ ತನ್ನ ಕೆಲಸ ಮುಗಿಯಿತೇ ಎಂದು ತಿಳಿಯುವುದು ಹೇಗೆ?

ಹಣ ಕೈಸೇರುವ ದಾರಿಯಲ್ಲೂ ಮೆಟ್ಟಿಲುಗಳಿವೆ. ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ, ಅದರ ಆರ್‌ಡಿ ನಂಬರ್, ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ, ಕಾಲೇಜಿನ ದೃಢೀಕರಣ, ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್, ಎನ್‌ಪಿಸಿಐ ಮ್ಯಾಪಿಂಗ್. ಇವಿಷ್ಟೂ ಆದ ಮೇಲೆ ರಾಜ್ಯ ತನ್ನ ಶೇ 40ನ್ನು ಮೊದಲು ಖಾತೆಗೆ ಹಾಕಬೇಕು, ಅದು ಹಾಕಿದ್ದು ಖಚಿತವಾದ ಮೇಲೆ ಕೇಂದ್ರದ ಶೇ 60 ನೇರವಾಗಿ ಖಾತೆಗೆ ಬರುತ್ತದೆ. ಪಿಯುಸಿಯ 2,500 ರೂಪಾಯಿ ಹೀಗೆ 1,000 ಮತ್ತು 1,500 ಆಗಿ ಎರಡು ಕಂತಿನಲ್ಲಿ ಇಳಿಯುತ್ತದೆ. ಮೊದಲನೆಯದು ತಡವಾದರೆ ಎರಡನೆಯದೂ ತಡ. ಆದ್ದರಿಂದ ಸಂಸತ್ತಿನಲ್ಲಿ ಎಷ್ಟು ಕೋಟಿ ಬಿಡುಗಡೆ ಆಯಿತು ಎಂದು ಕೇಳಿದರೆ ಸಾಲದು. ಯಾವ ತಾಲ್ಲೂಕಿನ ಎಷ್ಟು ಮಕ್ಕಳ ಖಾತೆಗೆ ಯಾವ ತಿಂಗಳಲ್ಲಿ ಬಂತು ಎಂದು ಕೇಳಬೇಕು. ಜೂನ್‌ನಲ್ಲಿ ಪ್ರವೇಶ ಶುಲ್ಕ ಕಟ್ಟಬೇಕಾದ ಮನೆಗೆ ಮುಂದಿನ ಮಾರ್ಚ್‌ನಲ್ಲಿ ಬರುವ ಹಣ ಸಾಲ ತೀರಿಸಲು ಆಗುತ್ತದೆಯೇ ಹೊರತು ಓದಿಸಲು ಆಗುವುದಿಲ್ಲ.

ಪ್ರಶ್ನೋತ್ತರ ವೇಳೆಯ ಗಣಿತ

ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು, 230 ಚುಕ್ಕೆ ರಹಿತ ಪ್ರಶ್ನೆಗಳು. ಚುಕ್ಕೆ ಗುರುತಿನದಕ್ಕೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆಗೂ ಅವಕಾಶ. ಚುಕ್ಕೆ ರಹಿತಕ್ಕೆ ಲಿಖಿತ ಉತ್ತರ ಮಾತ್ರ. ಸದನದ ಸಂಖ್ಯಾಬಲ 543. ಸಮನಾಗಿ ಹಂಚಿದರೆ ಕರ್ನಾಟಕದ 28 ಸಂಸದರ ಪಾಲಿಗೆ ದಿನಕ್ಕೆ ಒಂದು ಚುಕ್ಕೆ ಗುರುತಿನ ಪ್ರಶ್ನೆ. ಹದಿನೇಳನೇ ಲೋಕಸಭೆ, ಅಂದರೆ 2019ರಿಂದ 2024ರ ವರೆಗೆ, ಕೂತದ್ದು 274 ದಿನ. ಎಲ್ಲ ದಿನವೂ ಪ್ರಶ್ನೋತ್ತರ ನಡೆದಿದ್ದರೂ ಇಡೀ ರಾಜ್ಯದ ಪಾಲಿಗೆ ಐದು ವರ್ಷಕ್ಕೆ ಸುಮಾರು 280 ಪ್ರಶ್ನೆ. 2020ರ ಮುಂಗಾರು ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಡಲಾಗಿತ್ತು.

ಚಳ್ಳಕೆರೆ, ಮೊಳಕಾಲ್ಮುರು ಎರಡೂ ಚಿತ್ರದುರ್ಗ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಇದು ಪರಿಶಿಷ್ಟ ಜಾತಿಗೆ ಮೀಸಲು. 2019ರಲ್ಲಿ ಇಲ್ಲಿಂದ ಗೆದ್ದ ಎ. ನಾರಾಯಣಸ್ವಾಮಿ 2021ರ ಜುಲೈ 7ರಂದು ಕೇಂದ್ರದಲ್ಲಿ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ರಾಜ್ಯ ಸಚಿವರಾದರು, 2024ರ ಜೂನ್‌ವರೆಗೆ ಆ ಹುದ್ದೆಯಲ್ಲಿದ್ದರು. ವಿದ್ಯಾರ್ಥಿವೇತನದ ಪ್ರಶ್ನೆಗಳಿಗೆ ಉತ್ತರ ಕೊಡುವ ಸಚಿವಾಲಯದಲ್ಲಿ ಈ ಸೀಮೆಯ ಸಂಸದರೇ ಕೂತದ್ದು ಹೆಮ್ಮೆಯ ವಿಷಯ. ಅದರ ಜೊತೆಗೆ ಒಂದು ನಷ್ಟವೂ ಆಯಿತು. ಸಚಿವರಾದವರು ಪ್ರಶ್ನೋತ್ತರ ವೇಳೆಯಲ್ಲಿ ಉತ್ತರಿಸುತ್ತಾರೆ, ಪ್ರಶ್ನೆ ಕೇಳುವುದಿಲ್ಲ. ಹೆಚ್ಚೂಕಡಿಮೆ ಮೂರು ವರ್ಷ ಚಿತ್ರದುರ್ಗ ಕ್ಷೇತ್ರದಿಂದ ಲೋಕಸಭೆಯಲ್ಲಿ ಪ್ರಶ್ನೆ ಕೇಳುವ ಸದಸ್ಯರೇ ಇರಲಿಲ್ಲ. ಇದು ವ್ಯಕ್ತಿಯ ಕೊರತೆಯಲ್ಲ, ವ್ಯವಸ್ಥೆಯ ನಿಯಮ. ಉತ್ತರಗಳಲ್ಲಿ ತಾಲ್ಲೂಕಿನ ಅಂಕಿ ತಾನಾಗಿಯೇ ಬರುವ ಪದ್ಧತಿ ಇದ್ದಿದ್ದರೆ ಕೇಳುವವರು ಇಲ್ಲದ ಕಾಲದಲ್ಲೂ ಕ್ಷೇತ್ರಕ್ಕೆ ತನ್ನ ಲೆಕ್ಕ ಸಿಗುತ್ತಿತ್ತು.

ಪ್ರಶ್ನೆ ಶಾಲೆಯ ಬಗ್ಗೆ ಆದರೆ ಇನ್ನೊಂದು ತಡೆ ಇದೆ. 1976ರ 42ನೇ ತಿದ್ದುಪಡಿಯಿಂದ ಶಿಕ್ಷಣ ಸಮವರ್ತಿ ಪಟ್ಟಿಗೆ ಬಂತು. ಶಿಕ್ಷಕರ ನೇಮಕ ರಾಜ್ಯದ ಹೊಣೆ ಎಂಬ ಸಾಲು ಕೇಂದ್ರದ ಉತ್ತರಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ವಿಧಾನಸಭೆಯಲ್ಲಿ ಕೇಳಿದರೆ ಹಣದ ದರ ಕೇಂದ್ರದ್ದು ಎನ್ನಬಹುದು. ಎರಡು ಸದನಗಳ ನಡುವೆ ಮಗುವಿನ ಲೆಕ್ಕ ಯಾರ ಕಡತದಲ್ಲೂ ಪೂರ್ತಿಯಾಗುವುದಿಲ್ಲ.

ಶಾಲೆಯೊಳಗಿನ ಅಂಕಿಗಳು

ಬಿಸಿಯೂಟ: 2025ರ ಮೇ 1ರಿಂದ ಪಿಎಂ ಪೋಷಣ್ ಯೋಜನೆಯಲ್ಲಿ ಬೇಳೆ, ತರಕಾರಿ, ಎಣ್ಣೆ, ಸಾಂಬಾರ ಪದಾರ್ಥ, ಇಂಧನಕ್ಕೆ ಒಂದು ಮಗುವಿಗೆ ದಿನಕ್ಕೆ ಕಿರಿಯ ಪ್ರಾಥಮಿಕದಲ್ಲಿ 6 ರೂಪಾಯಿ 78 ಪೈಸೆ, ಹಿರಿಯ ಪ್ರಾಥಮಿಕದಲ್ಲಿ 10 ರೂಪಾಯಿ 17 ಪೈಸೆ. 2022ರ ಅಕ್ಟೋಬರ್‌ನಲ್ಲಿ ಇದು 5.45 ಮತ್ತು 8.17 ಇತ್ತು. ಅಕ್ಕಿ ಬೇರೆ: 100 ಗ್ರಾಂ ಮತ್ತು 150 ಗ್ರಾಂ. ರಾಜ್ಯದಲ್ಲಿ ಒಂದು ಮೊಟ್ಟೆಗೆ ನಿಗದಿಯಾದ ವೆಚ್ಚವೇ 6 ರೂಪಾಯಿ. ಮೊಟ್ಟೆಯ ವೆಚ್ಚ ಬೇರೆ ಲೆಕ್ಕದಿಂದ ಬರುತ್ತದೆ, ಸರಿ. ಆದರೆ ಒಂದು ಮೊಟ್ಟೆಯ ಬೆಲೆಗಿಂತ 78 ಪೈಸೆ ಹೆಚ್ಚಿನ ಹಣದಲ್ಲಿ ಒಂದು ಮಗುವಿನ ಸಾರು, ಪಲ್ಯ, ಒಗ್ಗರಣೆ, ಉರಿ ಎಲ್ಲ ಮುಗಿಯಬೇಕು. ಅಡುಗೆಯವರಿಗೆ ಯೋಜನೆ ನಿಗದಿ ಮಾಡಿದ ಗೌರವಧನ 2009ರಿಂದ ತಿಂಗಳಿಗೆ 1,000 ರೂಪಾಯಿ, ಅದರಲ್ಲಿ ಕೇಂದ್ರದ ಪಾಲು 600. ಕರ್ನಾಟಕ ತನ್ನ ಕಡೆಯಿಂದ ಹೆಚ್ಚು ಕೊಡುತ್ತಿದೆ. ಕೇಂದ್ರದ 600 ಮಾತ್ರ ಹಾಗೇ ಇದೆ.

ಶಾಲಾ ಅನುದಾನ: ಸಮಗ್ರ ಶಿಕ್ಷಾ ಅಡಿಯಲ್ಲಿ 30ರವರೆಗೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, 31ರಿಂದ 100ರವರೆಗೆ 25,000, 101ರಿಂದ 250ರವರೆಗೆ 50,000, 251ರಿಂದ 1,000ದವರೆಗೆ 75,000, ಅದಕ್ಕೂ ಮೇಲೆ ಒಂದು ಲಕ್ಷ. ಊರಿಂದ ದೂರ ಬೇಲಿಯೊಳಗಿನ ಗೊಲ್ಲರಹಟ್ಟಿಗಳ, ಸಣ್ಣ ಹಳ್ಳಿಗಳ ಶಾಲೆಗಳು ಮೊದಲ ಗುಂಪಿಗೆ ಬೀಳುತ್ತವೆ. 10,000 ಅಂದರೆ ತಿಂಗಳಿಗೆ 833, ದಿನಕ್ಕೆ 27 ರೂಪಾಯಿ. ವಿದ್ಯುತ್, ಸುಣ್ಣ ಬಣ್ಣ, ಸೀಮೆಸುಣ್ಣ, ದುರಸ್ತಿ ಎಲ್ಲಕ್ಕೂ. ಶೇ 10 ಸ್ವಚ್ಛತೆಗೆ ಮೀಸಲು. ಮಕ್ಕಳು ಕಡಿಮೆ ಇದ್ದ ಮಾತ್ರಕ್ಕೆ ಹೆಂಚು ಕಡಿಮೆ ಒಡೆಯುವುದಿಲ್ಲ.

ಶಿಕ್ಷಕರು: 2025–26ಕ್ಕೆ ರಾಜ್ಯ 51,000 ಅತಿಥಿ ಶಿಕ್ಷಕರಿಗೆ ಅನುಮತಿ ಕೊಟ್ಟಿತು, 40,000 ಪ್ರಾಥಮಿಕಕ್ಕೆ, 11,000 ಪ್ರೌಢಶಾಲೆಗೆ. ತಿಂಗಳ ಗೌರವಧನ ಪ್ರಾಥಮಿಕದಲ್ಲಿ 12,000, ಪ್ರೌಢದಲ್ಲಿ 12,500. ಅಂದರೆ ತಿಂಗಳಿಗೆ 48 ಕೋಟಿ ಮತ್ತು 13.75 ಕೋಟಿ, ಒಟ್ಟು 61.75 ಕೋಟಿ. 2024ರ ಆಗಸ್ಟ್‌ನಿಂದ ಜಾರಿಯಾದ ಏಳನೇ ರಾಜ್ಯ ವೇತನ ಆಯೋಗದ ಪ್ರಕಾರ ಸರ್ಕಾರಿ ನೌಕರರ ಅತಿ ಕನಿಷ್ಠ ಮೂಲ ವೇತನ 27,000. ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ಸಿಗುವುದು ಅದರ ಶೇ 44. ಪಾಠ ಮಾಡುವವರಿಗೆ ಕನಿಷ್ಠದ ಅರ್ಧವೂ ಇಲ್ಲದಿದ್ದರೆ ಅವರು ದೂರದ ಹಟ್ಟಿಯ ಶಾಲೆಗೆ ಬಂದು ನಿಲ್ಲುವುದು ಹೇಗೆ? 51,000ದಲ್ಲಿ ಈ ಎರಡು ತಾಲ್ಲೂಕುಗಳ ಪಾಲು ಎಷ್ಟು ಎಂಬುದು ಬಹಳ ಮುಖ್ಯ. ಅತಿಥಿಗಳನ್ನು ತೆಗೆದುಕೊಳ್ಳುವುದು ಖಾಲಿ ಹುದ್ದೆಗಳ ಎದುರಿಗೇ.

ಇದೇ ಚಳ್ಳಕೆರೆ ತಾಲ್ಲೂಕಿನ ಖುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಆವರಣವಿದೆ. ಅಲ್ಲಿನ ಪ್ರತಿಭಾ ಅಭಿವೃದ್ಧಿ ಕೇಂದ್ರದಲ್ಲಿ 2011ರಿಂದ ರಾಜ್ಯದ ವಿಜ್ಞಾನ, ಗಣಿತ ಶಿಕ್ಷಕರು ತರಬೇತಿ ಪಡೆಯುತ್ತಿದ್ದಾರೆ. ಹತ್ತಿರದಲ್ಲೇ ಡಿಆರ್‌ಡಿಒ ಸಂಸ್ಥೆಯ ವೈಮಾನಿಕ ಪರೀಕ್ಷಾ ಕೇಂದ್ರ 2017ರ ಮೇ 28ರಂದು ಉದ್ಘಾಟನೆಯಾಯಿತು. ಈ ಸಂಸ್ಥೆಗಳಿಗೆ ಅಮೃತ ಮಹಲ್ ಕಾವಲಿನ ಹುಲ್ಲುಗಾವಲು ಕೊಟ್ಟ ಈ ಸೀಮೆಗೆ ದೇಶದ ವಿಜ್ಞಾನದ ಮೇಲೆ ಹಕ್ಕಿದೆ. ಅಲ್ಲಿ ತರಬೇತಿ ಪಡೆದವರಲ್ಲಿ ಎಷ್ಟು ಮಂದಿ ಚಳ್ಳಕೆರೆ, ಮೊಳಕಾಲ್ಮುರಿನ ಶಾಲೆಗಳಲ್ಲಿ ಪಾಠ ಮಾಡುತ್ತಿದ್ದಾರೆ ಎಂಬ ಅಂಕಿಯೂ ಸದನದ ಮುಂದೆ ಬರಬೇಕು.

ಗಡಿಗೆರೆಯ ಆಚೆ ಈಚೆ

ಮೊಳಕಾಲ್ಮುರು ತಾಲ್ಲೂಕಿನ ರಾಂಪುರದಿಂದ ಬಳ್ಳಾರಿ ಕಡೆ ಹೊರಟರೆ ಸ್ವಲ್ಪದರಲ್ಲೇ ಜಿಲ್ಲೆ ಬದಲಾಗುತ್ತದೆ, ಕಲ್ಯಾಣ ಕರ್ನಾಟಕಕ್ಕೆ ಅನ್ವಯಿಸುವ ಸಂವಿಧಾನದ 371ಜೆ ವಿಧಿಯ ವ್ಯಾಪ್ತಿ ಶುರುವಾಗುತ್ತದೆ. ಅಲ್ಲಿ ಸ್ಥಳೀಯ ವೃಂದದ ಎ ಮತ್ತು ಬಿ ಹುದ್ದೆಗಳಲ್ಲಿ ಶೇ 75, ಸಿ ಹುದ್ದೆಗಳಲ್ಲಿ ಶೇ 80, ಡಿ ಹುದ್ದೆಗಳಲ್ಲಿ ಶೇ 85 ಸ್ಥಳೀಯರಿಗೆ ಮೀಸಲು. ರಾಜ್ಯಮಟ್ಟದ ಹುದ್ದೆಗಳಲ್ಲಿ ಶೇ 8. ಆ ಪ್ರದೇಶದ ಕಾಲೇಜು ಸೀಟುಗಳಲ್ಲಿ ಶೇ 70. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023–24ರಲ್ಲಿ 5,000 ಕೋಟಿ ಘೋಷಣೆಯಾಯಿತು. ಏಳು ಜಿಲ್ಲೆಗಳಿಗೆ ಹಂಚಿದರೆ ಸರಾಸರಿ 714 ಕೋಟಿ. ಗಡಿಯ ಈಚೆಗೆ ಇವ್ಯಾವೂ ಇಲ್ಲ. ಮಣ್ಣು, ಮಳೆ, ಬಡತನ, ಮಾತು ಎರಡೂ ಕಡೆ ಒಂದೇ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿದಾಗ ಚಳ್ಳಕೆರೆ, ಮೊಳಕಾಲ್ಮುರು ಎರಡೂ ಆ ಪಟ್ಟಿಯಲ್ಲಿದ್ದವು. ಹರಪನಹಳ್ಳಿ ತಾಲ್ಲೂಕು ದಾವಣಗೆರೆ ಜಿಲ್ಲೆಯಿಂದ ಬಳ್ಳಾರಿಗೆ ಮರಳಿ 371ಜೆ ವ್ಯಾಪ್ತಿಗೆ ಬಂದಂತೆ ಮೊಳಕಾಲ್ಮುರಿಗೂ ಆ ಸೌಲಭ್ಯ ಸಿಗಲಿ ಎಂಬ ಬೇಡಿಕೆ ಸಹಜ. ನಂಜುಂಡಪ್ಪ ವರದಿಯ ದೊಡ್ಡ ಗುಣ ಅದು ತಾಲ್ಲೂಕನ್ನು ಅಳತೆಯ ಘಟಕ ಮಾಡಿಕೊಂಡದ್ದು. ಜಿಲ್ಲೆಯ ಸರಾಸರಿಯಲ್ಲಿ ಮರೆಯಾಗುವ ಬಡತನ ತಾಲ್ಲೂಕಿನ ಅಂಕಿಯಲ್ಲಿ ಎದ್ದು ಕಾಣುತ್ತದೆ.

2011ರ ಜನಗಣತಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ 16,59,456. ಪರಿಶಿಷ್ಟ ಜಾತಿ ಶೇ 23.45, ಪರಿಶಿಷ್ಟ ಪಂಗಡ ಶೇ 18.23. ಎರಡೂ ಸೇರಿ ಶೇ 41.68, ಸುಮಾರು 6 ಲಕ್ಷ 92 ಸಾವಿರ ಜನ. ಇಡೀ ರಾಜ್ಯದಲ್ಲಿ ಈ ಎರಡು ಪ್ರಮಾಣ ಶೇ 17.15 ಮತ್ತು 6.95. ಪಂಗಡದ ಪ್ರಮಾಣ ಇಲ್ಲಿ ರಾಜ್ಯದ ಎರಡೂವರೆ ಪಟ್ಟಿಗಿಂತ ಹೆಚ್ಚು. ಆದ್ದರಿಂದ ಪಂಗಡದ ದರದಲ್ಲಿ 500 ರೂಪಾಯಿ ಕೊರತೆ ಎಂದರೆ ಬೇರೆ ಜಿಲ್ಲೆಗಳಿಗಿಂತ ಇಲ್ಲಿ ಹೆಚ್ಚು ಮನೆಗಳಿಗೆ ತಟ್ಟುತ್ತದೆ. ಮೇಲಾಗಿ ಕ್ಷೇತ್ರದ ಗಡಿ, ತಾಲ್ಲೂಕಿನ ಗಡಿ ಒಂದೇ ಅಲ್ಲ: ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ, ತಳಕು ಹೋಬಳಿಗಳು ಮೊಳಕಾಲ್ಮುರು ವಿಧಾನಸಭಾ ಕ್ಷೇತ್ರದಲ್ಲಿವೆ. ಅಂಕಿ ಕೇಳುವಾಗ ಹೋಬಳಿವಾರು ಕೇಳಿದರೆ ಮಾತ್ರ ಶಾಸಕರಿಗೂ ತಹಶೀಲ್ದಾರರಿಗೂ ಒಂದೇ ಲೆಕ್ಕ ಸಿಗುತ್ತದೆ.

ತಾಲ್ಲೂಕಿಗೆ ಉತ್ತರ ಹೇಳುವ ಸಂಪ್ರದಾಯ

ತಾಲ್ಲೂಕಿಗೇ ಉತ್ತರ ಕೊಡಿ ಎಂಬುದು ಹೊಸ ಬೇಡಿಕೆಯೇನಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ ಅಶೋಕನ ಶಾಸನಗಳು ಕ್ರಿಸ್ತಪೂರ್ವ ಮೂರನೇ ಶತಮಾನದವು. ಸುವರ್ಣಗಿರಿಯಿಂದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳಿಸಿದ ಆದೇಶ ಅದು. ಮೇಲಿನ ಅಧಿಕಾರಿಗಳು ಇಸಿಲದ, ಅಂದರೆ ಈ ಸೀಮೆಯ ಅಧಿಕಾರಿಗಳನ್ನು ಊರಿನ ಹೆಸರು ಹಿಡಿದು ಸಂಬೋಧಿಸಿದ್ದಾರೆ. ತಂದೆತಾಯಿಗಳ ಮಾತು ಕೇಳಬೇಕು, ಶಿಷ್ಯ ಆಚಾರ್ಯನನ್ನು ಗೌರವಿಸಬೇಕು ಎಂಬ ಬೋಧನೆಯೂ ಅದರಲ್ಲಿದೆ. ಆಡಳಿತ ಮತ್ತು ಕಲಿಕೆ ಎರಡೂ ಸೇರಿದ, ನೇರವಾಗಿ ಈ ನೆಲದ ಅಧಿಕಾರಿಗೆ ಬರೆದ ಆದೇಶ ಈ ಬಂಡೆಗಳ ಮೇಲೇ ಇದೆ.

ಇನ್ನೂ ಹತ್ತಿರದ ಉದಾಹರಣೆ ಮೈಸೂರಿನದು. 1881ರ ಅಕ್ಟೋಬರ್ 7ರಂದು ದಿವಾನ್ ಸಿ. ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದಾಗ ಬಂದವರು 144 ಮಂದಿ, ತಾಲ್ಲೂಕುಗಳಿಂದ ಆಯ್ದ ಭೂಹಿಡುವಳಿದಾರರು ಮತ್ತು ವರ್ತಕರು. ವರ್ಷಕ್ಕೊಮ್ಮೆ ದಸರಾ ಹೊತ್ತಿಗೆ ಅವರು ತಮ್ಮ ತಾಲ್ಲೂಕಿನ ಕೆರೆ, ರಸ್ತೆ, ಶಾಲೆಯ ಅಹವಾಲು ಹೇಳುತ್ತಿದ್ದರು, ಸರ್ಕಾರ ಉತ್ತರಿಸುತ್ತಿತ್ತು. ಕೈಯಲ್ಲಿ ಬರೆದ ಕಡತಗಳ ಕಾಲದಲ್ಲಿ ತಾಲ್ಲೂಕಿಗೆ ಉತ್ತರ ಸಿಗುತ್ತಿತ್ತು. ಇಂದು ಶಿಕ್ಷಣ ಸಚಿವಾಲಯದ ಯುಡೈಸ್ ಪ್ಲಸ್ ದತ್ತಾಂಶದಲ್ಲಿ ಶಾಲೆ ಶಾಲೆಯ ಅಂಕಿ ಇದೆ, 2022–23ರಿಂದ ಮಗು ಮಗುವಿನ ವಿವರವೂ ಇದೆ. 2023ರ ಜನವರಿಯಲ್ಲಿ ಶುರುವಾದ ಮಹತ್ವಾಕಾಂಕ್ಷಿ ಬ್ಲಾಕ್ ಕಾರ್ಯಕ್ರಮದಲ್ಲಿ ದೇಶದ 500 ಬ್ಲಾಕ್‌ಗಳ ಪ್ರಗತಿಯನ್ನು ಬ್ಲಾಕ್ ಮಟ್ಟದಲ್ಲೇ ಅಳೆಯಲಾಗುತ್ತಿದೆ. 500ಕ್ಕೆ ಸಾಧ್ಯವಾದದ್ದು ಎಲ್ಲ ತಾಲ್ಲೂಕುಗಳಿಗೂ ಸಾಧ್ಯ. ಕರ್ನಾಟಕದ ಸುಮಾರು 240 ತಾಲ್ಲೂಕುಗಳ ಪಟ್ಟಿ ಅನುಬಂಧದ ಕೆಲವೇ ಪುಟಗಳಲ್ಲಿ ಹಿಡಿಸುತ್ತದೆ.

ತಳಕು ಎಂಬ ಒಂದು ಹೋಬಳಿ ಕೇಂದ್ರ ಕನ್ನಡಕ್ಕೆ ಟಿ.ಎಸ್. ವೆಂಕಣ್ಣಯ್ಯ, ತ.ರಾ. ಸುಬ್ಬರಾಯರನ್ನು ಕೊಟ್ಟಿತು, ವೆಂಕಣ್ಣಯ್ಯನವರು ಮೈಸೂರು ವಿಶ್ವವಿದ್ಯಾಲಯದ ಮೊದಲ ಕನ್ನಡ ಪ್ರಾಧ್ಯಾಪಕರು. ಇಲ್ಲಿ ಪ್ರತಿಭೆಗೆ ಬರವಿಲ್ಲ. ಓದು ಮುಂದುವರಿಸುವ ಖರ್ಚಿಗೆ ಬರ.

ಕೇಳಬೇಕಾದ ಪ್ರಶ್ನೆ

2024ರಲ್ಲಿ ಚಿತ್ರದುರ್ಗದಿಂದ ಆಯ್ಕೆಯಾದ ಗೋವಿಂದ ಕಾರಜೋಳ ಸಚಿವರಲ್ಲ. ಹಾಗಾಗಿ ಪ್ರಶ್ನೆ ಕೇಳುವ ಹಕ್ಕು ಕ್ಷೇತ್ರಕ್ಕೆ ಮರಳಿದೆ. ಲೋಕಸಭೆಯ ಪ್ರಶ್ನೆ 150 ಪದ ಮೀರುವಂತಿಲ್ಲ, ಹದಿನೈದು ದಿನ ಮೊದಲು ಸೂಚನೆ ಕೊಡಬೇಕು. ಅಷ್ಟರೊಳಗೆ ಕೇಳಬಹುದಾದದ್ದು ಇಷ್ಟು:

(ಅ) ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಕಳೆದ ಮೂರು ವರ್ಷ ಮೆಟ್ರಿಕ್ ಪೂರ್ವ ಮತ್ತು ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ, ಹಣ ಪಡೆದ ವಿದ್ಯಾರ್ಥಿಗಳ ಸಂಖ್ಯೆ ಹೋಬಳಿವಾರು ಎಷ್ಟು;
(ಆ) ರಾಜ್ಯದ ಕಂತು, ಕೇಂದ್ರದ ಕಂತು ಖಾತೆಗೆ ಜಮೆಯಾದ ತಿಂಗಳು ಯಾವುದು;
(ಇ) ಪರಿಶಿಷ್ಟ ಪಂಗಡದ ದರವನ್ನು ಪರಿಶಿಷ್ಟ ಜಾತಿಯ ದರಕ್ಕೆ ಸಮ ಮಾಡುವ ಪ್ರಸ್ತಾವ ಇದೆಯೇ, ಇದ್ದರೆ ಯಾವಾಗ;
(ಈ) 2013ರ ಆದಾಯ ಮಿತಿಯನ್ನು ಕೂಲಿ ದರದ ಏರಿಕೆಗೆ ಜೋಡಿಸಲಾಗುವುದೇ;
(ಉ) ಇನ್ನು ಮುಂದೆ ಈ ವಿವರಗಳನ್ನು ಎಲ್ಲ ತಾಲ್ಲೂಕುಗಳಿಗೂ ಅನುಬಂಧದಲ್ಲಿ ಕೊಡಲಾಗುವುದೇ?

ವಿಧಾನಸಭೆಯಲ್ಲಿ ಈ ಎರಡು ಕ್ಷೇತ್ರಗಳ ಶಾಸಕರು ಇದಕ್ಕೆ ಜೊತೆಯಾಗಿ ಅತಿಥಿ ಶಿಕ್ಷಕರ ಮತ್ತು ಖಾಲಿ ಹುದ್ದೆಗಳ ತಾಲ್ಲೂಕುವಾರು ಪಟ್ಟಿ ಕೇಳಲಿ. ಪಟ್ಟಿ ಬಂದ ದಿನ ಅದನ್ನು ಗ್ರಾಮ ಪಂಚಾಯಿತಿಯ ಫಲಕದ ಮೇಲೆ ಹಾಕಲಿ. ಹಟ್ಟಿಯ ತಾಯಿಯೊಬ್ಬಳು ತನ್ನ ಮಗಳ ಪಾಲಿನ 3,000 ಬಂತೋ ಇಲ್ಲವೋ, ಪಕ್ಕದ ಮಗುವಿಗೆ 3,500 ಏಕೆ ಎಂದು ಓದಿ ಕೇಳುವಂತಾದರೆ ಮಾತ್ರ ಸದನದಲ್ಲಿ ಕೊಟ್ಟ ಉತ್ತರ ಪೂರ್ತಿಯಾಗುತ್ತದೆ.